ಎಡಗಡೆಯ ಒಂದು ಪಾವು ರಾಗಿ

ಮೊಳಕೆ ಬಂದ ರಾಗಿಯ ವಾಸನೆ ನನಗೆ ಆಗುವುದಿಲ್ಲ. ಇದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಮೊನ್ನೆ ಬೆಳಿಗ್ಗೆ ಅಡುಗೆಮನೆಗೆ ಹೋದರೆ ಗೋಡೆಯ ಮೊಳೆಗೆ ಒಂದು ಒದ್ದೆ ಬಟ್ಟೆಯ ಗಂಟು ನೇತಾಡುತ್ತಿತ್ತು. ಬಾಣಂತನಕ್ಕೆ ಬಂದು ಇಲ್ಲೇ ಉಳಿದಿರುವ ಮೊಮ್ಮಗಳು ಕೂಸಿಗೆ ತಿನ್ನಿಸುವ ಸರಿ ಮಾಡಲು ರಾಗಿ ನೆನೆಹಾಕಿ ಕಟ್ಟಿದ್ದಳು. ಗುಂಡಗೆ, ತನ್ನ ಭಾರಕ್ಕೆ ತಾನೇ ಜೋತುಬಿದ್ದ ಗಂಟು. ಹಸಿ ಹಸಿ, ಸಿಹಿ ಸಿಹಿ, ಒಂಚೂರು ಹುಳಿ... ಮೂಗಿಗೆ ಬಡಿದ ಕೂಡಲೇ ನನ್ನ ಕೈ ತಾನಾಗಿ ಸೆರಗಿಗೆ ಹೋಯಿತು. ಎಳೆದು ಎದೆ ಮುಚ್ಚಿಕೊಂಡೆ. ಅಲ್ಲಿ ಬೆಕ್ಕು ಬಿಟ್ಟರೆ ಯಾರೂ ಇರಲಿಲ್ಲ.

ಅಕ್ಕನ ನೆನಪಾಯಿತು. ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ನನ್ನ ಗಂಡನ ಅಣ್ಣನ ಹೆಂಡತಿ, ನನ್ನ ವಾರಗಿತ್ತಿ. ನಾನು ನಾಗಮಂಗಲದ ದೇವಲಾಪುರದ ಕಡೆಯವಳು, ಅವಳು ಬೆಳಗೊಳದವಳು. ಇಬ್ಬರೂ ಚಿನಕುರಳಿ ಪಕ್ಕದ ಈ ಮನೆಗೆ ಸೊಸೆಯಾಗಿ ಬಂದೆವು, ಅವಳು ಮೊದಲು, ನಾನು ಆಮೇಲೆ. ನಮ್ಮೂರ ಕಡೆ ಆಗ ರವಿಕೆಯೇ ಎಲ್ಲ. ಎರಡು ತುದಿ ಸೇರಿಸಿ ಗಂಟು ಹಾಕಿದರೆ ಮುಗಿಯಿತು. ಅದರೊಳಗೆ ಹಾಕುವ ಇನ್ನೊಂದು ಬಟ್ಟೆ ಇದೆ ಎಂದು ನಾನು ಕಂಡದ್ದೇ ಅಕ್ಕನ ಟ್ರಂಕಿನಲ್ಲಿ. ಅವಳ ತವರಿನ ಹತ್ತಿರ ಡ್ಯಾಮು, ಅಲ್ಲಿಗೆ ಎಲ್ಲೆಲ್ಲಿಂದಲೋ ಜನ ಬರುತ್ತಿದ್ದರು. ಅವರನ್ನು ನೋಡಿ ಕಲಿತಿದ್ದಳು. ಬಾಡಿ ಎನ್ನುತ್ತಿದ್ದಳು. ಈಗಿನವರು ಬ್ರಾ ಎನ್ನುತ್ತಾರೆ, ಅದನ್ನು ಬಾಯಿಬಿಟ್ಟೇ ಎನ್ನುತ್ತಾರೆ. ನಮಗೆ ಬಾಡಿ ಎನ್ನಲೂ ಬಾಯಿ ಏಳುತ್ತಿರಲಿಲ್ಲ. ಹೆಚ್ಚಾಗಿ ‘ಅದು’ ಎನ್ನುತ್ತಿದ್ದೆವು.

ನನಗೂ ಒಂದು ಕೊಡಿಸಬೇಕೆಂದು ಪಾಂಡವಪುರಕ್ಕೆ ಕರೆದುಕೊಂಡು ಹೋದಳು. ಅಂಗಡಿಯಲ್ಲಿ ಕೂತದ್ದು ಗಂಡಸು. ಅಕ್ಕ ಗಲ್ಲಾದ ಮೇಲೆ ಬಗ್ಗಿ ಏನೋ ಗುಸುಗುಟ್ಟಿದಳು. ಅವನು ನನ್ನ ಎದೆಯನ್ನು ಒಂದು ಸಲ ನೋಡಿ, ಹಿಂದೆ ತಿರುಗಿ ಡಬ್ಬಿ ತೆಗೆದ. ನಾನು ನೆಲ ನೋಡುತ್ತಿದ್ದೆ. ಅವನು ಕೊಟ್ಟದ್ದೇ ನನ್ನ ಅಳತೆ. ಪೇಪರಿನಲ್ಲಿ ಸುತ್ತಿಸಿಕೊಂಡು, ಚೀಲದ ತಳಕ್ಕೆ ತುರುಕಿ, ಮೇಲೆ ಕೊತ್ತಂಬರಿ ಸೊಪ್ಪು ಹಾಕಿಕೊಂಡು ಬಸ್ಸು ಹತ್ತಿದೆವು. ಮನೆಗೆ ಬಂದು ಹಾಕಿದರೆ ಉಸಿರು ಕಟ್ಟುವಷ್ಟು ಬಿಗಿ. ಭುಜದ ಮೇಲೆ ಬರೆ ಬಿತ್ತು. ವಾಪಸು ಕೊಟ್ಟು ಬೇರೆಯದು ತರಬಹುದು ಎಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಹೊಳೆದಿದ್ದರೂ ಇನ್ನೊಮ್ಮೆ ಆ ಅಂಗಡಿಯವನ ಮುಂದೆ ಯಾರು ನಿಲ್ಲುತ್ತಾರೆ.

ಹಾಕುವುದನ್ನು ಕಲಿಸಿದವಳು ಅಕ್ಕ. ಹಿಂದಿನ ಕೊಕ್ಕೆ ಕೈಗೆ ಸಿಗದಿದ್ದರೆ ಮುಂದೆ ಹಾಕಿ ಹಿಂದಕ್ಕೆ ತಿರುಗಿಸಿಕೊಳ್ಳಬೇಕು. ಒಗೆಯುವಾಗ ಕಲ್ಲಿಗೆ ಬಡಿಯಬಾರದು, ಹಿಂಡಬಾರದು. ಹಿಂಡಿದರೆ ಪಟ್ಟಿ ಸತ್ತು ಹೋಗುತ್ತದೆ. ಎಲ್ಲಕ್ಕಿಂತ ದೊಡ್ಡದು ಒಣಗಿಸುವುದು. ತಂತಿಯ ಮೇಲೆ ಮೊದಲು ಅದನ್ನು ಹಾಕಿ, ಅದರ ಮೇಲೆ ಲಂಗ ಹರಡಬೇಕು. ಅಂಚೂ ಕಾಣಬಾರದು. ಮಾವ, ಭಾವ, ಮೈದುನ, ಆಳುಮಕ್ಕಳು ಎಲ್ಲ ಓಡಾಡುವ ಹಿತ್ತಲು ಅದು.

"ಬಿಸ್ಲು ಬೀಳಾಕಿಲ್ವಲ್ಲಕ್ಕ, ಮುಗ್ಗು ವಾಸ್ನೆ ಬತ್ತದೆ" ಎಂದೆ ಒಂದು ಸಲ.

"ಬಿಸ್ಲು ಬೀಳದಿದ್ರೆ ಬಾಡಿಗೇನು ಜರ ಬತ್ತದಾ? ಗಂಡಸ್ರ ಕಣ್ಣಿಗೆ ಬಿದ್ರೆ ಮಾನ ಓಯ್ತದೆ ಕಣಮ್ಮಿ" ಎಂದಳು.

ಹಾಗಾಗಿ ನಾವು ಅದನ್ನು ಯಾವತ್ತೂ ಪೂರ್ತಿ ಒಣಗಿಸಿ ಹಾಕಿಕೊಂಡದ್ದಿಲ್ಲ. ಮೈಮೇಲೆ ಒಣಗುತ್ತಿತ್ತು. ಎದೆಯ ಕೆಳಗೆ ಕೆಂಪಗೆ ಗಂದೆ ಏಳುತ್ತಿತ್ತು. ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಸುಮ್ಮನಿರುತ್ತಿದ್ದೆವು.

ಅಕ್ಕ ಎತ್ತರದ ಹೆಂಗಸು, ತುಂಬಿದ ಮೈ. ಹಾಲಿನ ಕ್ಯಾನು ಸೊಂಟಕ್ಕಿಟ್ಟುಕೊಂಡು ಡೈರಿಗೆ ಹೊರಟರೆ ಜಗಲಿಯ ಮೇಲೆ ಕೂತವರು ಕಾಲು ಮಡಿಸಿಕೊಳ್ಳುತ್ತಿದ್ದರು. ಅವಳ ಎಡಗಡೆಯಲ್ಲಿ ಗಂಟಾಯಿತು. ಬಾಡಿ ಬಿಗಿಯಾಗಿ ಗಂಟು ಕಟ್ಟಿದೆ ಎಂದುಕೊಂಡಳು. ಕೊಕ್ಕೆ ಸಡಿಲ ಮಾಡಿಕೊಂಡಳು. ಹೋಗಲಿಲ್ಲ. ಡಾಕ್ಟರ ಮುಂದೆ ರವಿಕೆ ಬಿಚ್ಚಬೇಕಲ್ಲ ಎಂದು ಹಬ್ಬ ಕಳೆಯಲಿ, ಕುಯ್ಲು ಮುಗಿಯಲಿ ಎಂದು ಮುಂದಕ್ಕೆ ಹಾಕಿದಳು. ಕಡೆಗೆ ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಎಡದ ಮೊಲೆಯನ್ನು ಪೂರ್ತಿ ತೆಗೆದರು. ಔಷಧಿಯ ಕಾವಿಗೆ ತಲೆಗೂದಲೂ ಉದುರಿತು.

ಅದೇ ಹೊತ್ತಿಗೆ ಅವಳ ಮಗಳಿಗೆ ಕೆ.ಆರ್. ಪೇಟೆ ಕಡೆಯಿಂದ ಸಂಬಂಧ ಕೂಡಿಬಂದಿತ್ತು. ಮಾತಾಗಿತ್ತು, ವೀಳ್ಯದ ಶಾಸ್ತ್ರ ಬಾಕಿ. ಹುಡುಗನ ಕಡೆಯವರಿಗೆ ಈ ಕಾಯಿಲೆ ಗೊತ್ತಾದರೆ, ತಾಯಿಗೆ ಬಂದದ್ದು ಮಗಳಿಗೂ ಬರುತ್ತದೆ ಎಂದು ಎದ್ದು ಹೋಗುತ್ತಾರೆ. ಹಾಗೆ ಎದ್ದು ಹೋದದ್ದನ್ನು ನಾವು ಬೇರೆ ಮನೆಗಳಲ್ಲಿ ಕಂಡಿದ್ದೆವು. ಅದಕ್ಕೇ ಗರ್ಭಕೋಶ ತೆಗೆಸಿದ್ದೇವೆ ಎಂದು ಹೇಳಿಕಳಿಸಿದೆವು. ಗರ್ಭಕೋಶ ತೆಗೆಸಿಕೊಂಡವರು ಬೀದಿ ಬೀದಿಗೂ ಇದ್ದರು. ಅದು ಮರ್ಯಾದೆಯ ಆಪರೇಷನ್ನು. ಬೋಳು ತಲೆಗೆ, ತಿರುಪತಿಗೆ ಮುಡಿ ಕೊಟ್ಟಿದ್ದಾಳೆ ಎಂದೆವು.

"ತಿಮ್ಮಪ್ಪ ಕೂದ್ಲು ಕೇಳ್ದ ಕೊಟ್ಟೆ. ಈ ಡಾಕ್ಟ್ರು ಕೇಳ್ದೇನೇ ಕುಯ್ಕಂಡ್ರು" ಎಂದಳು ಅಕ್ಕ. ನಾನು ನಗಲಿಲ್ಲ. ಅವಳೇ ನಕ್ಕಳು.

ಉಳಿದದ್ದು ಎದೆ. ಸೆರಗು ಎಷ್ಟು ಹೊದ್ದರೂ ಒಂದು ಕಡೆ ದಿಣ್ಣೆ, ಒಂದು ಕಡೆ ಬಯಲು. ಬೀಗರ ಹೆಂಗಸರು ಬಂದರೆ ಮೊದಲು ನೋಡುವುದೇ ಮೈಯನ್ನು. ಇದಕ್ಕೆ ಏನಾದರೂ ಮಾಡು ಎಂದು ನನಗೇ ಹೇಳಿದಳು. ಮನೆಯಲ್ಲಿ ಹೊಲಿಗೆ ಮಿಷನ್ನು ತುಳಿಯುತ್ತಿದ್ದವಳು ನಾನು.

ಮೊದಲು ಬೂರುಗದ ಹತ್ತಿ ತುಂಬಿ ಹೊಲಿದೆ. ನೋಡಲು ಚೆನ್ನಾಗಿತ್ತು. ಆದರೆ ಹತ್ತಿಗೆ ತೂಕವಿಲ್ಲ. ಅಕ್ಕ ಬಗ್ಗಿ ಹಾಲು ಕರೆದು ಎದ್ದರೆ ಎಡಗಡೆಯದು ಹೆಗಲ ಹತ್ತಿರ ಹತ್ತಿ ಕೂತಿರುತ್ತಿತ್ತು. ಬಾಡಿಯೇ ಒಂದು ಕಡೆಗೆ ತಿರುಚಿಕೊಳ್ಳುತ್ತಿತ್ತು. ಹಳೆಯ ಸೀರೆಯ ಚೂರು ತುರುಕಿದೆ, ಗಂಟುಗಂಟಾಯಿತು. ಆಮೇಲೆ ನನಗೆ ರಾಗಿ ಹೊಳೆಯಿತು. ನುಣ್ಣಗೆ ಜಾರುತ್ತದೆ, ಮೈಗೆ ತಂಪು, ಹೇಗೆ ಬಗ್ಗಿದರೂ ತನ್ನ ಜಾಗಕ್ಕೆ ತಾನೇ ಇಳಿಯುತ್ತದೆ. ಹಳೆಯ ಪಂಚೆಯ ಬಟ್ಟೆಯಲ್ಲಿ ಚೀಲ ಹೊಲಿದು ಪಾವಿನಲ್ಲಿ ಅಳೆದು ಸುರಿದೆ. ಅಕ್ಕ ಬಲಗಡೆಯದನ್ನು ಒಂದು ಕೈಯಲ್ಲಿ, ಚೀಲವನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ತೂಗಿ ನೋಡಿದಳು.

"ಇನ್ನೊಂದು ಚಟಾಕು ಆಕಮ್ಮಿ. ನಂದು ಅಷ್ಟು ಬಡವಾಗಿರ್ನಿಲ್ಲ."

"ಮೊದ್ಲೇ ಒಂದು ಪಾವು ಆಕಿವ್ನಿ ಕಣಕ್ಕ."

"ಆಕು ಅಂದ್ರೆ ಆಕು. ಬೀಗ್ರ ಮುಂದೆ ಜಿಪುಣ್ತನ ಮಾಡ್ಬ್ಯಾಡ."

ಇಬ್ಬರೂ ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆವು. ಆದರೆ ನಾನು ಅಳತೆ ತೆಗೆಯುವಾಗ ಆ ಕಡೆ ನೋಡಲಿಲ್ಲ. ಕಣ್ಣು ಗೋಡೆಯ ಕಡೆ ಇಟ್ಟುಕೊಂಡು ಕೈಯಲ್ಲಿ ತಡಕಿ ಅಳತೆ ತೆಗೆದೆ. ಬೆರಳಿಗೆ ಗಾಯದ ಗೆರೆ ಸಿಕ್ಕಾಗ ಕೈ ಹಿಂದಕ್ಕೆ ಬಂತು. ಅಕ್ಕನಿಗೆ ತಿಳಿಯಿತು. ಅವಳೂ ಆಚೆ ಕಡೆಯ ಗೋಡೆ ನೋಡುತ್ತಿದ್ದಳು... ಚೀಲ ಸರಿದಾಡಬಾರದೆಂದು ಬಾಡಿಗೇ ಸೇರಿಸಿ ಹೊಲಿದುಬಿಟ್ಟೆ.

ಕೆಲವು ದಿನ ಮನೆಯಲ್ಲೇ ಹಾಕಿಕೊಂಡು ಓಡಾಡಿ ರೂಢಿ ಮಾಡಿಕೊಂಡಳು. ಬೆವರಿಗೆ ಕಮಟು ವಾಸನೆ ಹಿಡಿಯಿತು. ಬೀಗರು ಬರುವ ದಿನಕ್ಕೆ ಶುದ್ಧವಾಗಿರಲಿ ಎಂದು ಎರಡು ದಿನ ಮುಂಚೆ ಅದನ್ನು ಸೋಪಿನ ನೀರಿನಲ್ಲಿ ನೆನೆಹಾಕಿದೆ. ಬೆಳಿಗ್ಗೆ ಹಿಂಡದೆ, ಬಡಿಯದೆ, ಅಕ್ಕ ಕಲಿಸಿದ ಹಾಗೇ ಒಗೆದು, ತಂತಿಯ ಮೇಲೆ ಹಾಕಿ ಲಂಗ ಮುಚ್ಚಿದೆ. ಮೋಡದ ದಿನ. ಗಾಳಿಯೂ ಇರಲಿಲ್ಲ. ಹುಟ್ಟಿದಾಗಿನಿಂದ ರಾಗಿ ಮನೆಯಲ್ಲಿ ಬೆಳೆದವಳು ನಾನು. ನೆನೆಹಾಕಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿ ಗಾಳಿಯಾಡದ ಕಡೆ ಇಟ್ಟರೆ ರಾಗಿ ಏನಾಗುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ನಾನು ನೆನೆಹಾಕಿದ್ದು ಬಾಡಿ. ರಾಗಿ ಎಂದು ತಲೆಗೆ ಬರಲೇ ಇಲ್ಲ.

ಶಾಸ್ತ್ರದ ದಿನ ಬೆಳಿಗ್ಗೆ ಅದು ಇನ್ನೂ ತಣ್ಣಗಿತ್ತು. "ಮೈ ಬಿಸಿಗೆ ಒಣೀಕತದೆ ಬುಡು" ಎಂದು ಅಕ್ಕ ಹಾಕಿಕೊಂಡಳು. ಮೇಲೆ ರೇಷ್ಮೆ ಸೀರೆ. ತಲೆಯ ಮೇಲೆ ಸೆರಗು. ಎದೆ ಎರಡೂ ಕಡೆ ಸಮ. ಕನ್ನಡಿ ಮುಂದೆ ನಿಂತು ನೋಡಿಕೊಂಡು, "ನಾನೇ ಕಣಮ್ಮಿ ಇದು" ಎಂದಳು.

ಕೆ.ಆರ್. ಪೇಟೆಯವರು ಬಂದರು. ಗಂಡಸರು ಹಜಾರದಲ್ಲಿ, ಹೆಂಗಸರು ನಡುಮನೆಯಲ್ಲಿ ಕೂತರು. ಅವರ ಜೊತೆ ಹುಡುಗನ ಸೋದರತ್ತೆ ಬಂದಿದ್ದಳು, ಅವನ ಅಪ್ಪನ ತಂಗಿ. ಆ ಮನೆಯಲ್ಲಿ ಅವಳ ಮಾತು ದಾಟುವವರಿಲ್ಲ ಎಂದು ಕೇಳಿದ್ದೆವು. ಅಕ್ಕ ಅವಳಿಗೆ ಕಾಫಿ ಕೊಡಲು ಬಗ್ಗಿದಳು. ಸೋದರತ್ತೆ ಲೋಟ ತೆಗೆದುಕೊಂಡು, ಮೂಗು ಅರಳಿಸಿದಳು.

"ಮೊಳ್ಕೆ ರಾಗಿ ಗಂ ಅಂತಾ ಅದಲ್ಲ. ಎಲ್ಲಿ ಕಟ್ಟಿದ್ದೀರಿ?"

ನನಗೆ ಆಗ ತಲೆಗೆ ಬಂತು. "ಕೂಸಿಗೆ ಸರಿ ಮಾಡಾಕೆ" ಎಂದುಬಿಟ್ಟೆ.

"ಯಾರ ಕೂಸು?"

ಮನೆಯಲ್ಲಿ ಕೂಸೇ ಇರಲಿಲ್ಲ. "ಅಕ್ಕಂಗೆ. ಆಪ್ರೇಸನ್ ಆಯ್ತಲ್ಲ, ಗಂಜಿ ಮಾಡಾಕೆ" ಎಂದೆ. ಅಕ್ಕ ತಟ್ಟೆ ಕೆಳಗಿಟ್ಟು ಒಳಕೋಣೆಗೆ ಹೋದಳು. ನಾನು ಹಿಂದೆಯೇ ಹೋದೆ. ಅದು ರಾಗಿ ಮೂಟೆ ಜೋಡಿಸುವ ಕೋಣೆ. ಬಾಗಿಲಿಲ್ಲ, ಒಂದು ಪರದೆ ಅಷ್ಟೇ.

"ಲೇ, ಬೆಳಿಗ್ಗೆಯಿಂದ ಎಡಗಡೆದು ದಪ್ಪ ಆಯ್ತಾ ಅದೆ ಕಣೆ. ತಿವೀತಾ ಅದೆ. ಬಿಚ್ಚು ಬೇಗ" ಎಂದಳು.

ಕೊಕ್ಕೆ ಬಿಚ್ಚಿ ಬಾಡಿ ಕೈಗೆ ತೆಗೆದುಕೊಂಡೆ. ಪಂಚೆಯ ಬಟ್ಟೆಯ ಎಳೆ ಎಳೆಯ ನಡುವಿನಿಂದ ಬಿಳಿ ಬೇರುಗಳು ಹೊರಕ್ಕೆ ಬಂದಿದ್ದವು. ಕೂದಲಿನ ಹಾಗೆ. ಅಷ್ಟು ಚೆನ್ನಾಗಿ ನಾನು ಬೇಕೆಂದು ಕಟ್ಟಿದಾಗಲೂ ಮೊಳಕೆ ಬಂದದ್ದಿಲ್ಲ. ನಾವಿಬ್ಬರೂ ಅದನ್ನೇ ನೋಡುತ್ತಾ ನಿಂತಿದ್ದಾಗ ಪರದೆ ಸರಿಯಿತು.

"ಎಲ್ಲಿ, ನಾನೂ ನೋಡ್ತೀನಿ. ನಮ್ಮ ಕಡೆ ಇಷ್ಟು ಗಮ ಬರಾಕಿಲ್ಲ" ಎನ್ನುತ್ತಾ ಸೋದರತ್ತೆ ಒಳಗೆ ಬಂದಳು.

ಅಕ್ಕ ಸೆರಗನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡು ಮೂಟೆಗೆ ಬೆನ್ನು ಕೊಟ್ಟಳು. ಬಾಡಿ ನನ್ನ ಕೈಯಲ್ಲೇ ಇತ್ತು. ಬಚ್ಚಿಡಲು ಹೊತ್ತಿರಲಿಲ್ಲ. ಆ ಹೆಂಗಸು ಅದನ್ನು ನೋಡಿದಳು, ಅಕ್ಕನನ್ನು ನೋಡಿದಳು. ನಾನು ಸತ್ತು ಹೋಗಬೇಕು ಎನ್ನಿಸಿದ್ದು ಬದುಕಿನಲ್ಲಿ ಅದೊಂದೇ ಸಲ.

"ಗರ್ಭಕೋಶ ಅಂದ್ರಿ" ಎಂದಳು.

"ಊಂ, ಅಂದೋ" ಎಂದಳು ಅಕ್ಕ.

ಅವಳು ನನ್ನ ಕೈಯಿಂದ ಬಾಡಿ ತೆಗೆದುಕೊಂಡು, ಒಂದು ಬೇರನ್ನು ಉಗುರಿನಲ್ಲಿ ಚಿವುಟಿ ನೋಡಿದಳು. "ಹುರಿದ್ಬುಟ್ಟು ತುಂಬ್ಬೇಕಿತ್ತು. ಹುರಿದಿದ್ರೆ ಮೊಳೀತಿರ್ನಿಲ್ಲ" ಎಂದಳು. ಬೈದ ಹಾಗಲ್ಲ. ಅಡುಗೆಗೆ ಉಪ್ಪು ಕಮ್ಮಿಯಾಗಿದೆ ಎನ್ನುವ ಹಾಗೆ. ಆಮೇಲೆ ಧ್ವನಿ ಇಳಿಸಿದಳು.

"ನಮ್ಮಣ್ಣಂಗೆ ನಾನು ಯೋಳಾಕಿಲ್ಲ. ಹುಡ್ಗಿ ಚೆಂದಾಗವ್ಳೆ, ನಮ್ಮುಡ್ಗ ಒಪ್ಪವ್ನೆ. ಆದ್ರೆ ಧಾರೆಗೆ ನೀವು ನಿಂತ್ಕಬ್ಯಾಡಿ. ಧಾರೆ ಎರೆಯೋರು ಮೈ ತುಂಬಿದೋರಾಗಿರ್ಬೇಕು. ಇವ್ರು ನಿಂತ್ಕಳ್ಳಿ" ಎಂದು ನನ್ನ ಕಡೆ ಗದ್ದ ತೋರಿಸಿದಳು.

ನಾನು ಬಾಯಿ ತೆರೆಯುವ ಮೊದಲೇ ಅಕ್ಕ, "ಆಗ್ಲಿ ಬುಡಿ" ಎಂದಳು.

ಆ ಹೆಂಗಸು ಹೊರಟಳು. ಅಕ್ಕನಿಗೆ ಹಾಕಿಕೊಳ್ಳಲು ಬೇರೆ ಇರಲಿಲ್ಲ. ಅದೇ ಒದ್ದೆ ಬಾಡಿಯನ್ನು, ಬೇರು ಬಿಟ್ಟದ್ದನ್ನು, ಮತ್ತೆ ತೊಟ್ಟಳು. ನಾನು ಕೊಕ್ಕೆ ಹಾಕಿದೆ. ಹೊರಗೆ ಹೋಗಿ ಬೀಗರಿಗೆ ಊಟ ಬಡಿಸಿದಳು. ಮುದ್ದೆ ಹಾಕಲೇ, ಸಾರು ಹಾಕಲೇ ಎಂದು ಒಬ್ಬೊಬ್ಬರ ಎಲೆಯ ಮುಂದೂ ಬಗ್ಗಿದಳು. ಒಳಗೆ ಅದು ಚುಚ್ಚುತ್ತಲೇ ಇತ್ತು. ವೀಳ್ಯ ಬದಲಾಯಿಸಿದರು.

ಮದುವೆಗೆ ಮುಂಚೆ ನಾನು ಹೊಸ ಬಾಡಿಗೆ ಹೊಸ ಚೀಲ ಹೊಲಿದೆ. ರಾಗಿಯನ್ನು ಬಾಣಲೆಯಲ್ಲಿ ಕೆಂಪಗೆ ಹುರಿದು, ಆರಿಸಿ ತುಂಬಿದೆ. ಈ ಸಲ ಚೀಲವನ್ನು ಸೇರಿಸಿ ಹೊಲಿಯದೆ, ತೆಗೆದು ಹಾಕುವ ಹಾಗೆ ಒಳಗೊಂದು ಕಿಸೆ ಮಾಡಿದೆ. ಬುದ್ಧಿ ಆಗ ಬಂತು. "ನನ್ನ ಮೊಲೆ ಹುರ್ದು ಕೊಟ್ಟಿದ್ದೀಯ, ಉಪ್ಪು ಕಾರ ಆಕಿದ್ದೀಯಾ?" ಎಂದಳು ಅಕ್ಕ.

ಧಾರೆಯ ಹೊತ್ತಿಗೆ ನಾನೂ ನನ್ನ ಗಂಡನೂ ನಿಂತೆವು. ಅಕ್ಕನೂ ಭಾವನೂ ಕೆಳಗೆ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತಿದ್ದರು. ಆಪರೇಷನ್ ಆದವಳು, ಬಹಳ ಹೊತ್ತು ನಿಲ್ಲಲಾಗುವುದಿಲ್ಲ ಎಂದು ಎಲ್ಲರಿಗೂ ಹೇಳಿದ್ದೆವು. ಮಗಳಿಗೂ ಅಷ್ಟೇ ಹೇಳಿದ್ದೆವು. ಆದರೆ ಕೂತವಳು ಯಾವ ಕಡೆಯಿಂದ ನೋಡಿದರೂ ಗಟ್ಟಿಮುಟ್ಟು ಹೆಂಗಸು. ಎದೆ ಸಮ, ಬೆನ್ನು ನೆಟ್ಟಗೆ. ನನ್ನ ಹೊಲಿಗೆ ಅಷ್ಟು ಚೆನ್ನಾಗಿ ಕೂತಿತ್ತು. "ಗುಂಡುಕಲ್ಲಿನಂಗವ್ಳೆ. ಮಗಳ ಧಾರೆಗೂ ಎದ್ದು ನಿಂತ್ಕಳಾಕೆ ಸೋಮಾರಿತನವಾ" ಎಂದು ಹಿಂದಿನ ಸಾಲಿನಲ್ಲಿ ಯಾರೋ ಅಂದದ್ದು ಮಂಟಪದವರೆಗೂ ಕೇಳಿಸಿತು. ಅಕ್ಕನಿಗೂ ಕೇಳಿಸಿರಬೇಕು. ಸೆರಗು ಸರಿಮಾಡಿಕೊಂಡಳು, ಅಷ್ಟೇ. ಹುಡುಗಿ ತಲೆ ಎತ್ತಿ ತಾಯಿಯನ್ನು ಹುಡುಕಿದಳು. ನಾನು ನೀರು ಬಿಟ್ಟೆ. ಅದು ಕಾಯಿಯ ಮೇಲೆ ಬಿದ್ದು ಗಂಡು ಹೆಣ್ಣಿನ ಕೈಮೇಲೆ ಹರಿಯಿತು. ಫೋಟೋದವನು ನಗಿ ಎಂದ. ಆ ಫೋಟೋ ಇವತ್ತೂ ಆ ಹುಡುಗಿಯ ಮನೆಯ ಗೋಡೆಯ ಮೇಲಿದೆ. ನಾನು ಅಲ್ಲಿಗೆ ಹೋದರೆ ಅದಕ್ಕೆ ಬೆನ್ನು ಮಾಡಿ ಕೂರುತ್ತೇನೆ.

ಅಕ್ಕ ಆಮೇಲೂ ಕೆಲವು ವರ್ಷ ಬದುಕಿದಳು. ಮೊಮ್ಮಕ್ಕಳನ್ನು ಕಂಡಳು. ಹುರಿದ ರಾಗಿಯ ಬಾಡಿ ತೊಟ್ಟೇ ಡೈರಿಗೆ ಹೋದಳು, ಹೊಲಕ್ಕೆ ಹೋದಳು. ಲಂಗದ ಕೆಳಗೇ ಒಣಗಿಸಿದಳು. ಧಾರೆಯ ಮಾತನ್ನು ಅವಳು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕಾಯಿಲೆ ಬೆನ್ನಿನ ಮೂಳೆಗೆ ಇಳಿದು ಹೋಗಿಬಿಟ್ಟಳು.

ಹೆಣಕ್ಕೆ ನೀರು ಹಾಕುವಾಗ ಹಿತ್ತಲಲ್ಲಿ ಸೀರೆ ಅಡ್ಡ ಹಿಡಿದರು. ಒಂದು ತುದಿ ಹಿಡಿದವಳು ಕೆ.ಆರ್. ಪೇಟೆಯ ಆ ಸೋದರತ್ತೆ. ಹಿಡಿದು, ಮುಖ ಆಚೆಗೆ ತಿರುಗಿಸಿ ನಿಂತಳು. ಬೇರೆ ಹೆಂಗಸರು ಒಳಗೆ ಬರಲು ನೋಡಿದರೆ, "ಅವ್ರೊಬ್ರೇ ಸಾಕು ಬುಡ್ರವ್ವ" ಎಂದು ತಡೆದಳು. ಅದಕ್ಕೆ ನಾನು ಅವಳ ಮೇಲಿನ ಸಿಟ್ಟು ಬಿಟ್ಟೆ ಎಂದುಕೊಳ್ಳಬೇಡಿ. ಬಿಟ್ಟಿಲ್ಲ.

ಅವತ್ತು ನಾನು ಮೊದಲ ಸಲ ಆ ಜಾಗವನ್ನು ಕಣ್ಣಿಟ್ಟು ನೋಡಿದೆ. ಮಟ್ಟ ಹೊಡೆದ ಹೊಲದ ಹಾಗೆ ಸಪಾಟು. ಅಡ್ಡಕ್ಕೆ ಒಂದು ಗೆರೆ. ಇಷ್ಟೇನಾ ಅನ್ನಿಸಿತು... ಇಷ್ಟಕ್ಕಾ ನಾವು ಗೋಡೆ ನೋಡಿದ್ದು, ಇಷ್ಟಕ್ಕಾ ಅವಳು ಕುರ್ಚಿಯಲ್ಲಿ ಕೂತದ್ದು. ಹಾಗೆಂದುಕೊಂಡರೂ ನನ್ನ ಕೈ ನಿಲ್ಲಲಿಲ್ಲ. ಮೈ ಒರೆಸಿ, ಅವಳಿಗೆ ಬಾಡಿ ತೊಡಿಸಿ, ಕಿಸೆಯಲ್ಲಿ ಚೀಲ ಇಟ್ಟು, ಕೊಕ್ಕೆ ಹಾಕಿದೆ. ನೋಡಲು ಬಂದವರಿಗೆ ಎದೆ ಸಮ ಕಾಣಿಸಿತು. ನಮ್ಮ ಹೊಲದ ಬದುವಿನಲ್ಲಿ ಹಾಗೆಯೇ ಮಣ್ಣು ಮಾಡಿದರು.

ಈಗ ಮೊಮ್ಮಗಳು ತನ್ನವನ್ನು ಮಹಡಿಯ ಮೇಲೆ ಕ್ಲಿಪ್ಪು ಹಾಕಿ, ಬೀದಿಗೆ ಕಾಣುವ ಹಾಗೆ ಬಿಸಿಲಿಗೆ ಹರಡುತ್ತಾಳೆ. ಕೆಂಪು, ಕಪ್ಪು, ಹೂವಿನದು. ಅವಳ ಮೈಯಲ್ಲಿ ಗಂದೆ ಇಲ್ಲ. ಸರಿಯಾದದ್ದೇ ಮಾಡುತ್ತಾಳೆ ಎಂದು ನನಗೆ ಗೊತ್ತು. ಆದರೂ ಅವಳು ಕೆಳಗಿಳಿದ ಮೇಲೆ ಹೋಗಿ ಮೇಲೊಂದು ಟವೆಲು ಹೊದಿಸಿ ಬರುತ್ತೇನೆ. ಅವಳು ತೆಗೆದು ಬೈಯುತ್ತಾಳೆ. ಮಾರನೆಯ ದಿನ ಮತ್ತೆ ಹೊದಿಸುತ್ತೇನೆ. ಮುಚ್ಚಿ ಮುಚ್ಚಿ ಏನಾಯಿತು ಎಂದು ಕಣ್ಣಾರೆ ಕಂಡವಳು ನಾನು, ಆದರೂ ಈ ಕೈಗೆ ಬುದ್ಧಿ ಬರಲಿಲ್ಲ. ನನ್ನದು ಇವತ್ತೂ ಲಂಗದ ಕೆಳಗೇ ಇದೆ.

ಅಕ್ಕ ತೀರಿಕೊಂಡ ವರ್ಷ ಮುಂಗಾರು ಚೆನ್ನಾಗಿ ಹಿಡಿಯಿತು. ಮಳೆ ಬಿಟ್ಟ ಮೇಲೆ ಎರಡು ಸಲ ಬದುವಿಗೆ ಹೋಗಿ ನೋಡಿ ಬಂದೆ. ಹುಲ್ಲು ಬಂದಿತ್ತು, ತುಂಬೆ ಗಿಡ ಬಂದಿತ್ತು. ರಾಗಿ ಬಂದಿರಲಿಲ್ಲ. ಹುರಿದ ರಾಗಿ ಹುಟ್ಟುವುದಿಲ್ಲ. ಹುರಿದವಳು ನಾನೇ. ಗೊತ್ತಿದ್ದೂ ಹೋಗಿದ್ದೆ.

"ಅಜ್ಜಿ, ಗಂಟು ಬಿಚ್ಚಿ ನೋಡು, ಮೊಳಕೆ ಬಂದದಾ?" ಎಂದು ಮೊನ್ನೆ ಮೊಮ್ಮಗಳು ಕೂಸಿಗೆ ಹಾಲು ಕೊಡುತ್ತಾ ನಡುಮನೆಯಿಂದ ಕೂಗಿದಳು.

ಗಂಟು ಇಳಿಸಿದೆ. ಒಂದು ಕೈಯಲ್ಲಿ ಎತ್ತಿ ಹಿಡಿದೆ. ಒಂದು ಪಾವು, ಮೇಲೊಂದು ಚಟಾಕು ಇದ್ದೀತು. ಬಿಚ್ಚಿದೆ.

"ಬಂದದೆ ಕಣವ್ವ" ಎಂದೆ.